ಗಂಜಿ ಬಿಡದ ಬಟ್ಟೆ

ಮಗ್ಗದ ನೂಲಿಗೆ ಹಚ್ಚುವ ಗಂಜಿ ಒಲೆಯ ಮೇಲೆ ಕುದಿಯುತ್ತಿತ್ತು. ಗಂಟು ಕಟ್ಟದಂತೆ ತಿರುವುತ್ತಿದ್ದೆ. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, "ದರ್ಜಿ ಕಾಕಾ ತೀರಿಹೋದ್ರಂತ್ರಿ," ಎಂದಳು. ನನ್ನ ಕಣ್ಣ ಮುಂದೆ ಬಂದದ್ದು ಅವರ ಬಲಗೈ ಹೆಬ್ಬೆರಳು. ಉಗುರು ಸೀಳಿ, ಸೂಜಿ ನೂಕಿ ನೂಕಿ ತುದಿಯಲ್ಲಿ ಜೋಳದ ಕಾಳು ಕೂಡುವಷ್ಟು ಕುಳಿ ಬಿದ್ದ ಬೆರಳು.

ನಮ್ಮದು ಇಳಕಲ್ಲಿನ ನೇಕಾರರ ಓಣಿ. ಓಣಿಯ ಕೂಸುಗಳ ತಲೆಗೆ ಕಟ್ಟುವ ಕುಂಚಿಗೆಗಳೆಲ್ಲ ಕಾಕಾನ ಕೈಯವೇ. ಅವರು ಬಿಸ್ಮಿಲ್ಲಾ ಎನ್ನದೆ ಸೂಜಿ ಹಿಡಿಯುತ್ತಿರಲಿಲ್ಲ, ನನ್ನ ಲಿಂಗಪೂಜೆ ಮುಗಿಯದೆ ಬಾಗಿಲು ಬಡಿಯುತ್ತಿರಲಿಲ್ಲ. "ದೇವರ ಸಂಗಾಟ ಮಾತು ಮುಗಿಸ್ಕೊ ಮಗಳ, ನನಗೇನ ಗಡಿಬಿಡಿ ಇಲ್ಲ," ಎಂದು ಕಟ್ಟೆಯ ಮೇಲೆ ಕೂಡುವರು.

ದೊಡ್ಡ ಯುದ್ಧದ ಕಾಲಕ್ಕೆ ಹೊಲಿಗೆ ಬಲ್ಲವರು ಬೇಕೆಂದು ಬ್ರಿಟಿಷ್ ದಂಡಿನವರು ಅವರನ್ನು ಕಡಲಾಚೆ ಅರಬರ ನಾಡಿನ ಬಸರಾಕ್ಕೆ ಕರೆದೊಯ್ದರು. ತಿರುಗಿ ಬಂದ ಮೇಲೆ ಅವರ ಬಾಯಲ್ಲಿ ಒಂದೇ ವಿಮಾನದ ಕಥೆ.

"ಪೆಟಗ್ಯಾಗ ತುಂಡ ತುಂಡ ಬಂತವಾ. ಬರೇ ಕಟಗಿ ಹಂದರ. ಅದಕ್ಕ ಬಟ್ಟಿ ನಾವ ಹೊಲದ್ವಿ. ಮ್ಯಾಲೆ ಅದೇನೋ ಎಣ್ಣಿ ಬಳದ್ರು, ನಾತ ನೆತ್ತಿಗೇರ್ತಿತ್ತು. ಒಣಗಿದ ಮ್ಯಾಲೆ ಹಲಗಿ ಬಿಗದಂಗ ಬಿಗೀತು."

ಅದು ದಿನಾ ಹೋಗಿ ವೈರಿಯ ಡೇರೆ ನೋಡಿಕೊಂಡು ಬರುತ್ತಿತ್ತಂತೆ. ಗುಂಡು ತೂರಿದ ತೂತಿಗೆಲ್ಲ ಕಾಕಾನದೇ ತೇಪೆ. ಒಮ್ಮೆ ಮರಳಿಗೆ ಮೂಗು ಊರಿ ರೆಕ್ಕೆ ಮುರಿಯಿತು, ಹೊಸದು ಹೊಲಿದರು. ವೈರಿ ಸುತ್ತುಗಟ್ಟಿದ ಊರಲ್ಲಿ ನಮ್ಮ ಸಿಪಾಯಿಗಳು ಹಸಿದಿದ್ದಾಗ ಹಿಟ್ಟಿನ ಚೀಲ ಕಟ್ಟಿಕೊಂಡು ಹೋಗಿ ಮೇಲಿನಿಂದ ಚೆಲ್ಲಿತು. ಕಡೆಗೆ ಗುಂಡಿಗೆ ಬೀಳದ್ದು, ನಿಂತಲ್ಲೇ ಒಂದು ಬಿರುಗಾಳಿಗೆ ಮಗುಚಿತು. ಇಂಜಿನ್ನು ಬೇರೆ ವಿಮಾನಕ್ಕೆ ಹೋಯಿತು, ಕಟ್ಟಿಗೆ ಒಲೆಗೆ. ಅಂಗೈಯಗಲ ಬಟ್ಟೆ ಕಾಕಾನ ಕಿಸೆಗೆ ಬಂತು.

"ಬಟ್ಟಿ ಹಾರೂದಾದ್ರ ನನ್ನ ಧೋತ್ರ ಯಾಕ ಹಾರವಲ್ದು ಕಾಕಾ?" ಎಂದು ಒಂದು ಸಂಜೆ ಕಟ್ಟೆಯ ಮೇಲೆ ಎಲ್ಲರೂ ಕೂತಾಗ ನನ್ನ ಮೈದುನ ಕೆಣಕಿದ.

"ನೀ ಒಳಗ ಅದೀಯಲ್ಲೋ, ಭಾರ ಆಗೈತಿ."

ಎಲ್ಲರೂ ನಕ್ಕರು. ನಾನು ಆ ತುಂಡನ್ನು ಉಜ್ಜಿ ನೋಡಿ, "ದಪ್ಪ ಗಂಜಿ ಹಾಕ್ಯಾರ, ಅಷ್ಟ," ಎಂದೆ. ಬಟ್ಟೆಯ ವಿಷಯಕ್ಕೆ ನನ್ನ ಬೆರಳು ಹೇಳಿದ್ದೇ ಓಣಿಗೆ ಖರೆ. ಕಾಕಾನ ಮುಖ ಇಳಿಯಿತು.

"ನೀನ ನೀರಾಗ ನೆನಸಿ ನೋಡು ಮಗಳ. ಗಂಜಿ ಬಿಟ್ರ ನಾ ಸುಳ್ಳ. ಬಿಡಲಿಲ್ಲಂದ್ರ ಈ ಮಂದಿಗೆ ನೀನ ಹೇಳು."

ಮರುದಿನ ಬೆಳಿಗ್ಗೆ ತುಂಡನ್ನು ಬಿಸಿನೀರಿಗೆ ಹಾಕಿದೆ. ಹೊತ್ತು ಏರಿದ ಮೇಲೆ ನೋಡಿದರೆ ನೀರು ತಿಳಿಯಾಗಿಯೇ ಇತ್ತು, ಪಾತ್ರೆಯ ತಳ ಕಾಣುತ್ತಿತ್ತು. ತಿಕ್ಕಿದೆ, ಬೆರಳಿಗೆ ಏನೂ ಅಂಟಲಿಲ್ಲ. ನೀರನ್ನು ಬಚ್ಚಲಿಗೆ ಚೆಲ್ಲಿ ಬಟ್ಟೆಯನ್ನು ಬಿಸಿಲಿಗೆ ಹರವಿದೆ. ಸಂಜೆ ಹೆಂಗಸರು ಕೂಡಿ, "ಏನಾತ್ರಿ?" ಎಂದರು. ಕೊರಳಲ್ಲಿ ಲಿಂಗವಿತ್ತು. "ಗಂಜಿ ಬಿಡ್ತು," ಎಂದೆ. ಒಮ್ಮೆ ಆಡಿದ ಮಾತನ್ನು ತಿರುಗಿಸಲು ನನಗೆ ಬಾಯಿ ಬರಲಿಲ್ಲ.

ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ ಕಾಕಾ ಬಟ್ಟೆ ಇಸಿದುಕೊಂಡು ಹೆಬ್ಬೆರಳಿನಿಂದ ಒತ್ತಿದರು. ಗಂಜಿ ಹೋದ ಬಟ್ಟೆ ಮೆತ್ತಗಿರಬೇಕು. ಅದು ಮೊದಲಿನಷ್ಟೇ ಬಿರುಸಾಗಿ ಚಟ್ ಎಂದಿತು. ಅವರು ನನ್ನ ಮುಖ ನೋಡಿದರು. "ಆತು ಮಗಳ," ಎಂದು ಹೊರಟುಹೋದರು.

ಅಂದಿನಿಂದ ಓಣಿ ಅವರನ್ನು ಗಂಜಿ ಕಾಕಾ ಎಂದಿತು. ಅವರು ವಿಮಾನದ ಸುದ್ದಿ ಎತ್ತಲಿಲ್ಲ. ನನ್ನ ಮಗಳು ಹುಟ್ಟಿದಾಗ, ಹೊಲಿಗೆ ಕೂಸಿನ ತಲೆಗೆ ಚುಚ್ಚದಂತೆ ಒಳಗೆ ಮಡಚಿ, ಕುಂಚಿಗೆ ಹೊಲಿದು ತಂದರು. ಶಿವ ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ನಾನು ದಿನಾ ಪೂಜೆಯಲ್ಲಿ ನೆನೆಯುತ್ತೇನೆ. ಮಗಳು ಉಳಿದಳು, ಮಗ್ಗ ನಿಲ್ಲಲಿಲ್ಲ, ಕಣ್ಣು ಇನ್ನೂ ಕಾಣುತ್ತದೆ. ಆ ಕುಂಚಿಗೆ ನೆನಪಾದರೆ ಪೂಜೆ ಮುಂದಕ್ಕೆ ಸಾಗುವುದಿಲ್ಲ.

ಗಂಜಿ ಇಳಿಸಿಟ್ಟು ಅವರ ಮನೆಗೆ ಹೋದೆ. ಅಂಗಳದಲ್ಲಿ ಓಣಿಯ ಹೆಂಗಸರೆಲ್ಲ ಕೂತಿದ್ದರು. ಅವರೆದುರಿಗೆ, ಕಾಕಾನ ಹೆಂಡತಿಯ ಕೈ ಹಿಡಿದು ಹೇಳಿದೆ: "ಕಾಕು, ಅವತ್ತ ನೀರು ತಿಳಿ ಇತ್ರಿ. ಕಾಕಾ ಹೇಳಿದ್ದ ಖರೆ. ನಾ ಸುಳ್ಳ ಹೇಳಿದ್ನಿ."

ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡರು. "ಅವರಿಗೆ ಅವತ್ತ ಗೊತ್ತಾಗಿತ್ತವಾ. ನಿನ್ನೆ ಹೇಳಿದ್ದಿ ಅಂದ್ರ ಅವರೂ ಕೇಳತಿದ್ರು."

ಮನೆಗೆ ಬಂದೆ. ಗಂಜಿ ತಣ್ಣಗಾಗಿ, ಕೆನೆಗಟ್ಟಿ, ಅಲ್ಲಲ್ಲಿ ಗಂಟಾಗಿತ್ತು. ನೀರು ಹಾಕಿ, ಮತ್ತೆ ಒಲೆಗೆ ಇಟ್ಟು ತಿರುವತೊಡಗಿದೆ.