ಮೂರನೇ ಸ್ಟ್ಯಾಂಡಿನಲ್ಲಿ ತಪ್ಪಿದ್ದು ಯಾರು

ಕಾಳಯ್ಯ ಮೇಷ್ಟ್ರಿಗೆ ಆ ಫೋನ್ ಮಾಡಿದ್ದು ನಾನು. ಮದ್ರಾಸಿನ ಸ್ಟುಡಿಯೋದವರು ಯಾರೂ ಅಲ್ಲ. ಮದ್ದೂರಿನ ಒಂದು ಬೇಕರಿಯ ಮುಂದೆ ನಿಂತು, ಅರ್ಧ ಕಚ್ಚಿದ ಬನ್ನು ಒಂದು ಕೈಯಲ್ಲಿ, ನವೀನನ ಮೊಬೈಲು ಇನ್ನೊಂದು ಕೈಯಲ್ಲಿ — ನಾನೇ ಮಾಡಿದ್ದೆ. ಮಾಡುವುದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಹೇಳುವುದಕ್ಕೆ ನಾಲ್ಕು ವರ್ಷ ಹಿಡಿಯಿತು.

ನನ್ನ ಕಸುಬು ಮಿಮಿಕ್ರಿ. ಆರತಕ್ಷತೆ, ಗಣೇಶನ ಪೆಂಡಾಲು, ಕಾಲೇಜಿನ ವಾರ್ಷಿಕೋತ್ಸವ — ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕಿನಲ್ಲಿ ಮೈಕು ಇರುವ ಕಡೆಯೆಲ್ಲ ನಾನಿರುತ್ತೇನೆ. ಮಳವಳ್ಳಿ ಬಸ್ಸಿನ ಕಂಡಕ್ಟರು, ತಾಲ್ಲೂಕು ಆಫೀಸಿನ ಗುಮಾಸ್ತ, ನಮ್ಮ ಸೋದರಮಾವ, ಸೋದರಮಾವನ ಕೆಟ್ಟುಹೋದ ಬೋರ್‌ವೆಲ್ ಮೋಟರು — ಎಲ್ಲರೂ ನನ್ನ ಗಂಟಲಲ್ಲಿ ಬಿಡಾರ ಹೂಡಿದ್ದಾರೆ. ನನ್ನ ಸ್ವಂತ ಧ್ವನಿ ಹೇಗಿದೆ ಎಂದು ಮಾತ್ರ ಕೇಳಬೇಡಿ. ಒಮ್ಮೆ ಅದರಲ್ಲಿ ಹಾಡಿದ್ದಕ್ಕೆ ಪಕ್ಕದ ಮನೆಯ ಮೇಕೆ ಹಗ್ಗ ಕಿತ್ತುಕೊಂಡು ಹೋಗಿತ್ತು.

ಹೀಗೆ ನಗಿಸಿಯೇ ಎಲ್ಲದರಿಂದಲೂ ಪಾರಾಗುತ್ತ ಬಂದವನು ನಾನು. ಇದೊಂದರಿಂದ ಮಾತ್ರ —

ಕಾಳಯ್ಯ ಮೇಷ್ಟ್ರು ಮಳವಳ್ಳಿಯಲ್ಲಿ ನಮ್ಮ ಬೀದಿಯವರೇ. ಮೂವತ್ತು ವರ್ಷ ಮದ್ರಾಸಿನಲ್ಲಿ ಪಿಟೀಲು ನುಡಿಸಿ, ಅಲ್ಲಿ ಕೆಲಸ ಕಡಿಮೆಯಾದ ಮೇಲೆ ಹೆಂಡತಿ ಸಾವಿತ್ರಮ್ಮನ ಜೊತೆ ಊರಿಗೆ ಬಂದು, ನಾಲ್ಕು ಮಕ್ಕಳಿಗೆ ಪಾಠ ಹೇಳಿಕೊಂಡಿದ್ದರು. ಅವರು ನುಡಿಸುತ್ತಿದ್ದದ್ದು ಸಿನಿಮಾ ಸಂಗೀತದ ಹೆಸರಾಂತ ಸ್ಟುಡಿಯೋ ಒಂದರಲ್ಲಿ. ಅದನ್ನು ನಾನು ಕಣ್ಣಾರೆ ಕಂಡಿಲ್ಲ, ಇನ್ನು ಕಾಣುವಂತೆಯೂ ಇಲ್ಲ — ಕೆಡವಿ ಯಾವ ಕಾಲವಾಯಿತೋ. ಆದರೆ ಮೇಷ್ಟ್ರ ಜಗುಲಿಯಲ್ಲಿ ಕೂತು ಅದೆಷ್ಟು ಸಲ ಅದರೊಳಗೆ ಹೋಗಿ ಬಂದಿದ್ದೇನೆಂದರೆ, ಯಾವ ಮೂಲೆಯಲ್ಲಿ ಯಾವ ವಾದ್ಯ ಎಂದು ಈಗಲೂ ಕಣ್ಣು ಮುಚ್ಚಿ ಹೇಳಬಲ್ಲೆ.

ಅರವತ್ತು ಜನ ಒಟ್ಟಿಗೆ ಕೂತು ನುಡಿಸುವ ಹಾಲ್. ಗೋಡೆಗೆಲ್ಲ ಮರದ ಹಲಗೆ. ಒಂದು ತುದಿಯಲ್ಲಿ ದಪ್ಪ ಗಾಜು, ಅದರಾಚೆ ರೆಕಾರ್ಡಿಂಗ್ ಮಾಡುವ ಸಾರ್. ಗಾಜಿನ ಮೇಲೆ ಹಾಲ್‌ನ ದೀಪಗಳೇ ಹೊಳೆಯುತ್ತಿದ್ದರಿಂದ ಸಾರ್ ಮುಖ ಯಾರಿಗೂ ಸರಿಯಾಗಿ ಕಾಣುತ್ತಿರಲಿಲ್ಲ. ಸ್ಪೀಕರಿನಿಂದ ಬರುವ ಧ್ವನಿಯೇ ಸಾರ್. ಕೆಂಪು ದೀಪ ಹತ್ತಿತೆಂದರೆ ಕೆಮ್ಮಿದವನು ಕೆಟ್ಟ. ತಪ್ಪಿದ ತುಣುಕನ್ನು ಕತ್ತರಿಸಿ ತೆಗೆಯುವ ಈಗಿನ ಅನುಕೂಲ ಆಗ ಇರಲಿಲ್ಲ. ಒಬ್ಬ ತಪ್ಪಿದರೆ ಅರವತ್ತು ಜನವೂ ಮೊದಲಿನಿಂದ — ಇನ್ನೊಂದು ಟೇಕು.

ಸ್ವರದ ಹಾಳೆ ಇಡುವ ಸ್ಟ್ಯಾಂಡು ಇಬ್ಬರಿಗೆ ಒಂದು, ಮೇಲೆ ನೇತಾಡುವ ಮೈಕೂ ಒಂದೇ. ಹಾಗಾಗಿ ಅಪಸ್ವರ ಯಾವ ಸ್ಟ್ಯಾಂಡಿನಿಂದ ಬಂತೆಂದು ಸಾರ್‌ಗೆ ತಿಳಿಯುತ್ತಿತ್ತು. ಇಬ್ಬರಲ್ಲಿ ಯಾರದೆಂದು ತಿಳಿಯುತ್ತಿರಲಿಲ್ಲ. ಆಗ ಸ್ಪೀಕರು ಕೇಳುತ್ತಿತ್ತು: "ಮೂರನೇ ಸ್ಟ್ಯಾಂಡ್ — ಯಾರು?" ತಪ್ಪಿದವನು ತಾನೇ ಪಿಟೀಲಿನ ಕಮಾನು ಎತ್ತಿ ತೋರಿಸಬೇಕು. ಅದು ಅಲ್ಲಿಯ ಪದ್ಧತಿ. ಎತ್ತಿದವನನ್ನು ಯಾರೂ ಬೈಯುತ್ತಿರಲಿಲ್ಲ. "ಮತ್ತೆ" ಎನ್ನುತ್ತಿದ್ದರು, ಅಷ್ಟೆ.

ಒಂದು ದಿನ ಮೇಷ್ಟ್ರ ಬೆರಳು ತಪ್ಪಿತು. ಸ್ಪೀಕರು ಕೇಳಿತು. ಕಮಾನು ಎತ್ತಿದ್ದು ಮೇಷ್ಟ್ರಲ್ಲ — ಮೂರನೇ ಸ್ಟ್ಯಾಂಡಿನಲ್ಲಿ ಅವರ ಜೊತೆ ಕೂರುತ್ತಿದ್ದ ಡೇವಿಡ್. ಗೆಳೆಯನಿಗೆ ಹೊಸದಾಗಿ ಮಗುವಾಗಿದೆ, ನಿದ್ದೆಗೆಟ್ಟಿದ್ದಾನೆ ಎಂಬ ಕನಿಕರ. ಎರಡನೇ ಸಲವೂ ತಪ್ಪಿತು, ಡೇವಿಡ್ಡೇ ಎತ್ತಿದ. ಮೂರನೇ ಸಲವೂ ಅವನೇ ಎತ್ತಿದಾಗ ಸ್ಪೀಕರು "ಮತ್ತೆ" ಎನ್ನಲಿಲ್ಲ. "ನೀವು ಹೊರಡಿ" ಎಂದಿತು. ಡೇವಿಡ್ ಪಿಟೀಲನ್ನು ಪೆಟ್ಟಿಗೆಗಿಟ್ಟು ಹೋದ. ಅವನನ್ನು ಆಮೇಲೆ ಯಾರೂ ಕರೆಯಲಿಲ್ಲ.

"ನಾನು ಕಮಾನ ತೊಡೆ ಮ್ಯಾಲೆ ಮಡೀಕಂಡು ಕೂತಿದ್ದೆ ಕಣ್ಲಾ ಮಂಜ," ಎಂದಿದ್ದರು ಮೇಷ್ಟ್ರು. "ಸಾವಿತ್ರಿಗೂ ಏಳಿಲ್ಲ ಇದ. ನಿಂಗೆ ಯಾಕೇಳ್ದ್ನೋ."

ಯಾಕೆ ಹೇಳಿದರೋ — ನನಗೂ ಇವತ್ತಿನವರೆಗೆ ಅರ್ಥವಾಗಿಲ್ಲ.

ಸ್ಪೀಕರಿನ ಆ ಧ್ವನಿಯನ್ನು ನನಗೆ ಕಲಿಸಿದವರೂ ಅವರೇ. ಸಾರ್ ಮೈಸೂರು ಕಡೆಯವರಂತೆ. ಮಾತು ಮೆಲ್ಲಗೆ, ಪ್ರತಿ ಮಾತಿನ ನಡುವೆ ಒಂದು ತೆರಪು. "ಅಂಗಲ್ಲ ಕಣ್ಲಾ, ಇನ್ನೂ ತಣ್ಣಗಿರ್ಬೇಕು," ಎಂದು ತಿದ್ದಿ ತಿದ್ದಿ, ಒಂದು ದಿನ ನನ್ನ ಬಾಯಲ್ಲಿ ಅದು ಸರಿಯಾಗಿ ಬಂದಾಗ ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗೆ ಕೂತುಬಿಟ್ಟರು. ಆಮೇಲೆ ಇಬ್ಬರೂ ನಕ್ಕೆವು.

ಅದನ್ನೇ ಬೇಕರಿಯ ಮುಂದೆ ಕೊಚ್ಚಿಕೊಂಡೆ. ನಮ್ಮ ತಂಡದಲ್ಲಿ ಕೀಬೋರ್ಡು ನುಡಿಸುವ ನವೀನ, ಜೊತೆಗೆ ಇನ್ನಿಬ್ಬರು. ಅವರು ನಂಬಲಿಲ್ಲ. "ಬುಡ್ಲಾ, ಅಷ್ಟು ವರ್ಸ ಕೇಳಿರೋ ಕಿವಿ. ನಿನ್ನ ಮೇಕೆ ದನಿಗೆ ಬೀಳ್ತದಾ?" ಎಂದ ನವೀನ. ಬಿದ್ದೇ ಬೀಳುತ್ತದೆ ಎಂದೆ ನಾನು. ಮೊಬೈಲನ್ನು ಎಲ್ಲರಿಗೂ ಕೇಳುವಂತೆ ಇಟ್ಟರು. ಮೇಷ್ಟ್ರು "ಹಲೋ" ಎಂದರು.

"ಮೂರನೇ ಸ್ಟ್ಯಾಂಡ್ — ಯಾರು?"

ಇಷ್ಟೇ ನಾನು ಹೇಳಿದ್ದು. ಬಸ್ಸೊಂದು ಹಾರ್ನ್ ಹೊಡೆದುಕೊಂಡು ಹೋಯಿತು. ಮೇಷ್ಟ್ರು ಬೈಯುತ್ತಾರೆ, ಇಲ್ಲ ನಗುತ್ತಾರೆ ಎಂದು ಕಾಯುತ್ತಿದ್ದೆ. ಆ ಕಡೆ ಕುರ್ಚಿ ಸರಿದ ಸದ್ದಾಯಿತು — ಎದ್ದು ನಿಂತಿದ್ದರು.

"ನಾನು, ಸಾರ್."

ನವೀನ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಎಲ್ಲರೂ ನಕ್ಕರು. ನಾನೂ — ಹೌದು, ನಾನೂ ನಕ್ಕೆ. ನಕ್ಕು ಫೋನ್ ಇಟ್ಟೆ.

ಮಾರನೆಯ ದಿನ ಹೋದಾಗ ಹೇಳಿಬಿಡಬಹುದಿತ್ತು. ಹೇಳಲೆಂದೇ ಹೋಗಿದ್ದೆ. ಮೇಷ್ಟ್ರೇ ಮೊದಲು ಮಾತೆತ್ತಿದರು. "ಸಾರ್ ಪೋನ್ ಮಾಡಿದ್ರು ಕಣ್ಲಾ. ತೊಂಬತ್ತರ ಹತ್ರ ಇರ್ಬೇಕು ಈಗ. ಅವ್ರಿಗೆ ಗೊತ್ತಿತ್ತು. ಇಷ್ಟು ವರ್ಸ ಗೊತ್ತಿತ್ತು! ಆದ್ರೆ ಮುಂದೇನು ಅಂತ ಏಳ್ನೇ ಇಲ್ಲ. ಲೈನು ಕಟ್ಟಾಗೋಯ್ತು."

ನಾನು ಕಾಫಿ ಕುಡಿದು ಎದ್ದು ಬಂದೆ.

ಅವರು ಕಾಯತೊಡಗಿದರು. "ಮತ್ತೆ" ಎನ್ನುತ್ತಾರೋ, "ನೀವು ಹೊರಡಿ" ಎನ್ನುತ್ತಾರೋ. ಪಾಠಕ್ಕೆ ಬಂದ ಮಕ್ಕಳನ್ನು ವಾಪಸು ಕಳಿಸಿದರು — ಸಾರ್ ಏನೂ ಹೇಳದೆ ಕಮಾನು ಮುಟ್ಟುವುದು ಹೇಗೆ? ಮೊಬೈಲು ಅಂಗಿಯ ಜೇಬಿನಿಂದ ಇಳಿಯಲಿಲ್ಲ. ಅವರೇ ತಿರುಗಿ ಮಾಡಲು ಹೋದರೆ ನವೀನ ಆ ನಂಬರನ್ನು ಆಗಲೇ ಬಂದ್ ಮಾಡಿಬಿಟ್ಟಿದ್ದ. ಊಟ ಕಮ್ಮಿಯಾಯಿತು. "ಆ ಸಾರ್ ಪೋನ್ ಬಂದಾಗ್ನಿಂದ ಯಾಕಪ್ಪ ಇಂಗಾಡ್ತಾವ್ರೆ ಇವ್ರು?" ಎಂದು ಸಾವಿತ್ರಮ್ಮ ನನ್ನನ್ನೇ ಕೇಳಿದರು. ಗೊತ್ತಿಲ್ಲಕ್ಕ ಎಂದೆ.

ಮೂರು ವಾರವಾದ ಮೇಲೆ, ತಪ್ಪನ್ನು ಸರಿಮಾಡುತ್ತೇನೆಂದು ಹೊರಟೆ. ಬೇರೆ ನಂಬರಿನಿಂದ, ಮಂಡ್ಯದ ಬಸ್‌ಸ್ಟ್ಯಾಂಡಿನ ಹಿಂದೆ ನಿಂತು, ಅದೇ ಧ್ವನಿಯಲ್ಲಿ, ಅದೇ ತೆರಪು ಕೊಟ್ಟು ಹೇಳಿದೆ: "ಕಾಳಯ್ಯ — ಆ ಟೇಕು ಓಕೆ. ಮುಂದಕ್ಕೆ ಹೋಗೋಣ."

ಜೀವನದಲ್ಲಿ ಅಷ್ಟು ಚೆನ್ನಾಗಿ ಯಾರ ಧ್ವನಿಯನ್ನೂ ಮಾಡಿರಲಿಲ್ಲ.

ಮೇಷ್ಟ್ರು ಬಹಳ ಮೆಲ್ಲಗೆ ಕೇಳಿದರು — "ತಪ್ಪಿರೋ ಟೇಕ್ನ ಸಾರ್ ಯಾವತ್ತೂ ಓಕೆ ಮಾಡ್ದೋರಲ್ಲ. ಯಾರಪ್ಪ ನೀನು?"

ಕಟ್ ಮಾಡಿದೆ. ನನಗೆ ಅದೊಂದೇ ಬರುತ್ತಿದ್ದದ್ದು.

ಆ ಕಥೆಯನ್ನು ಅವರು ಹೇಳಿದ್ದು ಒಬ್ಬನಿಗೇ. ಲೆಕ್ಕ ಹಾಕಲು ಬೆರಳು ಮಡಿಸಬೇಕಾಗಿರಲಿಲ್ಲ. ಮರುದಿನ ನನ್ನನ್ನು ನೋಡಿ "ಮಂಜ ಬಂದವ್ನೆ, ಕಾಪಿ ಕೊಡು" ಎಂದರು. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆನೇನೋ. ಅಥವಾ ಅದೂ ಸುಳ್ಳು — ಅಲ್ಲೂ ಒಂದು ಜೋಕು ಹೊಡೆಯುತ್ತಿದ್ದೆ. ಅವರು ಸ್ಟುಡಿಯೋದ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಪಿಟೀಲಿನ ತಂತಿಗಳನ್ನು ಸಡಿಲಿಸಿ ಅಟ್ಟದ ಮೇಲಿಟ್ಟರು. ನಾಲ್ಕು ತಿಂಗಳಿಗೆ ಹೋಗಿಬಿಟ್ಟರು. ಅವರಿಗೆ ಗೊತ್ತೆಂದು ನನಗೆ ಗೊತ್ತಿತ್ತು. ನನಗೆ ಗೊತ್ತೆಂದು ಅವರಿಗೂ. ಕಾಫಿ ಮಾತ್ರ ಕೊನೆಯವರೆಗೂ ಬಂತು.

ತಿಥಿಯ ದಿನ ಪೆಂಡಾಲಿನಲ್ಲಿ ಎಲೆ ಹಾಕುತ್ತಿದ್ದೆ. ಸಾವಿತ್ರಮ್ಮ ನೆಂಟರಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: "ಅಷ್ಟು ದೊಡ್ಡ ಸಾರು, ಮದ್ರಾಸಿಂದ, ಇವ್ರ ನೆನಸ್ಕಂಡು ಪೋನ್ ಮಾಡಿದ್ರು ಕಣಮ್ಮ." ಆ ಮಾತನ್ನು ಆಕೆ ಈ ನಾಲ್ಕು ವರ್ಷ ಬಂದವರಿಗೆಲ್ಲ ಹೇಳಿದ್ದಾರೆ. ಮಕ್ಕಳಿಗೆ, ಹಾಲಿನವನಿಗೆ, ನನಗೂ. ಪ್ರತಿ ಸಲವೂ ನಾನು ತಲೆಯಾಡಿಸಿದ್ದೇನೆ.

ಹೋದ ವಾರ ಹೋಗಿ ಹೇಳಿದೆ. ಆಕೆ ಮೊರದಲ್ಲಿ ಸೊಪ್ಪು ಸೋಸುತ್ತಿದ್ದರು. ಡೇವಿಡ್ಡನ ವಿಷಯ ಬಿಡಲಿಲ್ಲ, ಬೇಕರಿ ಬಿಡಲಿಲ್ಲ, ನಕ್ಕಿದ್ದನ್ನೂ ಬಿಡಲಿಲ್ಲ. ಕಪಾಳಕ್ಕೆ ಹೊಡೆಯಲಿ ಎಂದು ಹತ್ತಿರವೇ ಕೂತಿದ್ದೆ. ಆಕೆ ಹೊಡೆಯಲಿಲ್ಲ. ಕೈಯಲ್ಲಿದ್ದ ಸೊಪ್ಪಿನ ಕಡ್ಡಿಯನ್ನು ಅತ್ತಿತ್ತ ತಿರುಗಿಸಿ ನೋಡುತ್ತ ಕೇಳಿದರು:

"ಅಂಗಾರೆ, ಅಲ್ಲಿಂದ ಯಾರೂ ಪೋನೇ ಮಾಡ್ನಿಲ್ವಾ ಮಂಜ?"

"ಇಲ್ಲ ಕಣಕ್ಕ," ಎಂದೆ. "ಯಾರೂ ಮಾಡ್ನಿಲ್ಲ."