ರಾಕ್ಷಸನ ಕ್ಯಾನ್ವಾಸ್ ಬೂಟು

ಕೊಪ್ಪಳದಲ್ಲಿ ಮಾಸ್ತರನಾಗಿದ್ದಾಗ ನಾನು ಒಂದು ವಾರಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುತ್ತಿದ್ದೆ. ನಮ್ಮ ಡೇರೆ ಟಾಕೀಸಿಗೆ ಬರುತ್ತಿದ್ದವು ರಾಕ್ಷಸರ, ವಿಚಿತ್ರ ಪ್ರಾಣಿಗಳ ಅಗ್ಗದ ಚಿತ್ರಗಳೇ. ಒಂದರಲ್ಲಿ ಕರಡಿಯ ಚರ್ಮ ಹೊದ್ದ ರಾಕ್ಷಸನ ಕಾಲಲ್ಲಿ ಕ್ಯಾನ್ವಾಸ್ ಬೂಟು ಎದ್ದು ಕಾಣುತ್ತಿತ್ತು. ಮೈ ಉರಿದುಹೋಯಿತು. ನೋಡುವವರನ್ನು ಇಷ್ಟು ದಡ್ಡರೆಂದು ತಿಳಿಯಬೇಡಿ ಎಂದು ಖಾರವಾಗಿ ಬರೆದೆ.

ಪತ್ರಿಕೆ ಬಂದ ಮೇಲೆ ಡೇರೆಯ ಮಾಲೀಕರು ನಗುತ್ತ ಮನೆಗೇ ಬಂದರು.

"ಭಾಳ ಉಪಕಾರ ಆತ್ರಿ ಮಾಸ್ತರ! ಆ ಬೂಟು ನೋಡಾಕಂತ ಬೇವೂರಿಂದ ಮಂದಿ ಬಂಡಿ ಕಟ್ಟಿಕೊಂಡು ಬರಾಕತ್ಯಾರ."

"ನಾ ಬೈದು ಬರದೀನ್ರಿ ಸಾಹೇಬ್ರ!"

"ಹಂಗ ಬೈಯ್ರಿ. ಮುಂದಿನ ವಾರ ಹಾರೋ ಹಲ್ಲಿ ಪಿಚ್ಚರ್ ಐತಿ, ಅದಕ್ಕೂ ಛಲೋತ್ನಾಗಿ ಬೈಯ್ರಿ."

ಸಿಟ್ಟಿಗೆ ಆ ಹಲ್ಲಿಯ ಬಗ್ಗೆ ನಾನು ಒಂದಕ್ಷರವನ್ನೂ ಬರೆಯಲಿಲ್ಲ. ಆದರೂ ಡೇರೆ ತುಂಬಿತು.