ಕಲ್ಲಟ್ಟಿ ತಿರುವಿನಲ್ಲಿ ವಸ್ತಾದರು

ಮೊನ್ನೆ ಮೊಮ್ಮಗಳು ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ಸೊಸೆ ಎಳ್ಳೆಣ್ಣೆಗೆ ಅರಿಸಿನ, ಕರ್ಪೂರ ಹಾಕಿ ಒಲೆಯ ಮೇಲಿಟ್ಟಳು. ಎಣ್ಣೆ ಕಾಯ್ದು ಅದರ ಘಾಟು ನಡುಮನೆಗೆ ಬಂದದ್ದೇ ನನ್ನ ಎದೆ ಧಸಕ್ಕೆಂದಿತು. ಮಗುವಿಗೆ ಅಂಥದ್ದೇನೂ ಆಗಿರಲಿಲ್ಲ, ಆಗಲೇ ನಗುತ್ತಿತ್ತು. ಆ ವಾಸನೆಯನ್ನು ನಾನು ಮೊದಲು ಕಂಡದ್ದು ಊಟಿಯ ನಮ್ಮ ಹಳೆಯ ಮನೆಯಲ್ಲಿ, ಮದುವೆಯಾಗಿ ಬಂದ ಹೊಸತರಲ್ಲಿ, ಪಕ್ಕದ ಮನೆಯ ವಸ್ತಾದರ ಕೈಯಿಂದ...

ಅವರನ್ನು ಕೇರಿಯವರೆಲ್ಲ ವಸ್ತಾದರು ಎಂದೇ ಕರೆಯುತ್ತಿದ್ದರು. ಮಾರ್ಕೆಟ್ಟಿನ ಹಿಂದೆ ತಗಡಿನ ಮಾಡಿನ ಕೆಳಗೆ ಹುಡುಗರಿಗೆ ಕುಸ್ತಿ ಕಲಿಸುವ ಒಂದು ಗರಡಿ ನಡೆಸುತ್ತಿದ್ದರು. ಊಟಿಯ ಮಣ್ಣು ತಣ್ಣಗೆ, ಮೈಗೆ ಅಂಟುತ್ತದೆ ಎಂದು ಮೈಸೂರು ಸೀಮೆಯಿಂದ ಗಾಡಿಯಲ್ಲಿ ಕೆಮ್ಮಣ್ಣು ತರಿಸಿದ್ದರು. ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ, ಹಸುಗೂಸಿನ ಹಾಸಿಗೆಯಷ್ಟು ಮೆತ್ತಗೆ ಇಡುತ್ತಿದ್ದರು. ಐವತ್ತರ ಆಸುಪಾಸಿನ ಆಳು, ಮುರುಟಿದ ಕಿವಿ, ತುಂಬಿದ ಕತ್ತು. ಮಾತು ಮಾತ್ರ ಬಹಳ ಮೆಲ್ಲಗೆ. ಕುಸ್ತಿಯಲ್ಲಿ ಗೆದ್ದ ಬೆಳ್ಳಿಯ ಕಡಗ ಅವರ ಬಲಗೈಯಲ್ಲಿತ್ತು. ಅವರು ಬೀದಿಯಲ್ಲಿ ಬಂದರೆ ಪುಂಡರೂ ಪಕ್ಕಕ್ಕೆ ಸರಿಯುತ್ತಿದ್ದರು.

ನಮ್ಮ ಯಜಮಾನರು ಅವರ ಶಿಷ್ಯರು. ಆಲೂಗೆಡ್ಡೆ ಮೂಟೆ ಹೇರಿಕೊಂಡು ಕಲ್ಲಟ್ಟಿ ಘಾಟಿ ಇಳಿದು, ಮಸಿನಗುಡಿ ದಾಟಿ, ಗುಂಡ್ಲುಪೇಟೆಯವರೆಗೆ ಗಾಡಿ ಹೊಡೆಯುತ್ತಿದ್ದರು. ಅವರು ಘಾಟಿಗೆ ಹೊರಟ ದಿನ ನನಗೆ ಅನ್ನ ಇಳಿಯುತ್ತಿರಲಿಲ್ಲ. ಆ ಇಳಿಜಾರಿನಲ್ಲಿ ಎತ್ತು ಮುಗ್ಗರಿಸಿದ ಕಥೆಗಳನ್ನು ಕೇಳಿದ್ದೆ, ಗಾಡಿಯವರ ಹೊಡೆದಾಟದ ಕಥೆಗಳನ್ನು ಇನ್ನೂ ಹೆಚ್ಚಾಗಿ ಕೇಳಿದ್ದೆ. "ಗರಡಿ ಮಣ್ಣು ಮೈಗೆ ಹತ್ತಿದೆ ಕನೇ, ನಂಗೇನಾದದು?" ಎಂದು ನಗುತ್ತಿದ್ದರು. ಅರ್ಧ ನಂಬುತ್ತಿದ್ದೆ. ಉಳಿದರ್ಧ ಅವರ ದಾರಿ ಕಾಯುತ್ತ ಬಾಗಿಲಲ್ಲೇ ನಿಂತಿರುತ್ತಿತ್ತು.

ಒಂದು ಸಂಜೆ ಅವರನ್ನು ಬೇರೆಯವರ ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ಕಲ್ಲಟ್ಟಿ ತಿರುವಿನಲ್ಲಿ ಎದುರಿಗೆ ಏರಿ ಬಂದ ಗಾಡಿಯವನು ಬೇಕೆಂದೇ ಚಕ್ರಕ್ಕೆ ಚಕ್ರ ತಾಗಿಸಿದನಂತೆ. ಮಾತಿಗೆ ಮಾತು ಬೆಳೆಯಿತು. ಇವರು ಕೆಳಗಿಳಿದು, ಗರಡಿಯಲ್ಲಿ ಮಾಡುವ ಹಾಗೆ ಕಚ್ಚೆ ಬಿಗಿದು, ತೊಡೆ ತಟ್ಟಿ, ಅವನು ಸಿದ್ಧವಾಗಲಿ ಎಂದು ಕಾದರಂತೆ. ಅವನು ಕಾಯಲಿಲ್ಲ. ಚಕ್ರಕ್ಕೆ ತಡೆ ಕೊಡುವ ಮರದ ತುಂಡನ್ನೆತ್ತಿ ಪಕ್ಕದಿಂದ ಎಡ ಹೆಗಲಿಗೆ ಬಾರಿಸಿದ. ತೊಡೆ ತಟ್ಟಿದ ಕೈ ಇನ್ನೂ ಮೇಲೆದ್ದಿರಲಿಲ್ಲ, ಎಲುಬು ಮುರಿದಿತ್ತು.

ವಸ್ತಾದರೇ ಬಂದು ಎಲುಬು ಕೂಡಿಸಿದರು. ಬಿಸಿ ಎಣ್ಣೆ ಸವರಿ, ಬಿದಿರ ದಬ್ಬೆ ಇಟ್ಟು ಕಟ್ಟಿದರು. ಅಷ್ಟು ಹೊತ್ತೂ ಯಾರ ಮುಖವನ್ನೂ ನೋಡಲಿಲ್ಲ. ನಾನು ಆಗ ಮೂರು ತಿಂಗಳ ಬಸುರಿ. ಹಿರಿಯರೆದುರು ಬಾಯಿ ತೆರೆಯದಿದ್ದವಳು ಆ ದಿನ ಕೇಳಿಬಿಟ್ಟೆ:

"ವಸ್ತಾದ್ರೇ, ನಿಮ್ಮ ವಿದ್ಯೆ ಬೀದಿ ಜಗಳಕ್ಕೆ ಆಯ್ತದಾ, ಇಲ್ವಾ? ನಿಜ ಹೇಳ್ಬುಡಿ."

ಅವರು ಎಣ್ಣೆಯ ಬಟ್ಟಲನ್ನು ನೆಲಕ್ಕಿಟ್ಟರು.

"ಗೊತ್ತಿಲ್ಲ ಕನವ್ವ. ನಾನು ಬೀದೀಲಿ ಯಾವತ್ತೂ ಕೈ ಮಾಡ್ದೋನಲ್ಲ. ಮಾಡೋ ಪ್ರಸಂಗಾನೇ ಬರ್ನಿಲ್ಲ."

ಅಷ್ಟು ದೊಡ್ಡ ಆಳಿನ ಬಾಯಿಂದ ಆ ಮಾತು ಕೇಳಿ ನನಗೆ ಧೈರ್ಯ ಬರಬೇಕಿತ್ತೋ, ಇದ್ದ ಧೈರ್ಯವೂ ಹೋಗಬೇಕಿತ್ತೋ... ಹೋಯಿತು.

ಅಂದಿನಿಂದ ವಸ್ತಾದರು ಬದಲಾದರು. ಹುಡುಗರನ್ನು ಮೆತ್ತನೆಯ ಮಣ್ಣಿನಿಂದ ಹೊರಗೆ ಕರೆದು, ಜಲ್ಲಿಯ ಮೇಲೆ ನಿಲ್ಲಿಸಿ, ಹಿಂದಿನಿಂದ ಬಂದು ಹಿಡಿಯಿರಿ, ಹೇಳದೆ ಹೊಡೆಯಿರಿ ಎನ್ನತೊಡಗಿದರು. ಹುಡುಗರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ನಮ್ಮ ಮನೆಗೆ ಬಂದು ಯಜಮಾನರನ್ನು ಕೇಳುತ್ತಿದ್ದರು: ಅವನು ಇಳಿಜಾರಿನ ಯಾವ ಕಡೆ ನಿಂತಿದ್ದ? ಯಾವ ಕೈ ಎತ್ತಿದ? ನೀನು ಅವನ ಕಣ್ಣು ನೋಡ್ತಿದ್ದೆಯೋ, ಕೈ ನೋಡ್ತಿದ್ದೆಯೋ? ಕೇಳಿದ್ದನ್ನೇ ಕೇಳುತ್ತಿದ್ದರು. ಈ ಮನುಷ್ಯ ಉತ್ತರ ಹುಡುಕಿಕೊಂಡು ಆ ತಿರುವಿಗೇ ಹೋಗುತ್ತಾರೆ ಎಂದು ನನಗೇಕೋ ಅನ್ನಿಸುತ್ತಿತ್ತು.

ಹಾಗೇ ಆಯಿತು. ಯಜಮಾನರ ಹೆಗಲು ಕೂಡಿತು, ಆದರೆ ಎಡಗೈಗೆ ಮೊದಲಿನ ಬಲ ಬರಲಿಲ್ಲ. ನನಗೆ ತುಂಬು ತಿಂಗಳು ಹತ್ತಿರವಾದಾಗ ಮಸಿನಗುಡಿಯ ತವರಿಗೆ ಬಿಟ್ಟುಬರಲು ಗಾಡಿ ಕಟ್ಟಿದರು. ವಸ್ತಾದರು ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದು, "ನಾನೂ ಬತ್ತೀನಿ" ಎಂದರು. ಬೇಡ ಎನ್ನಲಾಗದೆ ಯಜಮಾನರು ಗಾಡಿಯಲ್ಲಿ ಜಾಗ ಮಾಡಿಕೊಟ್ಟರು.

ಬೆಳಗಿನ ಬಿಸಿಲು ಏರುವ ಹೊತ್ತಿಗೆ ಕಲ್ಲಟ್ಟಿಯ ಆ ತಿರುವಿಗೆ ಬಂದೆವು. ಕೆಳಗಿನಿಂದ ಗಂಟೆಯ ಸದ್ದು ಕೇಳಿತು. ಯಜಮಾನರು ಗಾಡಿಯನ್ನು ಬೆಟ್ಟದ ಕಡೆಗೆ ಒತ್ತಿ ನಿಲ್ಲಿಸಿದರು. ಅವರ ಬೆನ್ನು ಸೆಟೆದದ್ದನ್ನು ನೋಡಿಯೇ ನನಗೆ ತಿಳಿಯಿತು, ಬರುತ್ತಿರುವವನು ಅವನೇ ಎಂದು. ದಪ್ಪ ಮೀಸೆ, ಕೈಯಲ್ಲಿ ಬಾರುಕೋಲು.

"ಏನಯ್ಯಾ, ಇನ್ನೂ ತೊಡೆ ತಟ್ಟೋ ಆಸೆ ಅದಾ?" ಎಂದು ಅವನು ಕೂಗಿದ.

ವಸ್ತಾದರು ಇಳಿದು, ಎರಡೂ ಕೈ ಬಿಚ್ಚಿ ತೋರಿಸುತ್ತ ಮುಂದೆ ಹೋದರು.

"ದಾರಿ ಬುಟ್ಟಿವಿ ಕನಪ್ಪ. ಸುಮ್ನೆ ಹೋಗು."

"ಓಹೋ, ಗುರೂನೇ ಕರ್ಕೊಂಡು ಬಂದವ್ನೆ!" ಎಂದು ಅವನು ಗಾಡಿಯಿಂದ ಧುಮುಕಿದ. ಬಗ್ಗಿ ಒಂದು ಹಿಡಿ ಜಲ್ಲಿ ಬಾಚಿ ವಸ್ತಾದರ ಕಣ್ಣಿಗೆ ಎರಚಿದ. ಮರುಕ್ಷಣ ಮೊಣಕಾಲಿಗೆ ಒದ್ದ. ಬೀಳುವವರೇ ಅಲ್ಲ ಎಂದು ನಾನಂದುಕೊಂಡಿದ್ದ ವಸ್ತಾದರು ರಸ್ತೆಯ ಮೇಲೆ ಮಂಡಿಯೂರಿದರು. ಅವನು ಅವರನ್ನು ದಾಟಿ ನಮ್ಮ ಗಾಡಿಯ ಕಡೆಗೇ ಬಂದ. ಯಜಮಾನರು ನೊಗದ ಮುಂದೆ ಅಡ್ಡ ನಿಂತರು. ನಾನು ಎರಡೂ ಕೈಯಿಂದ ಹೊಟ್ಟೆ ಅವುಚಿಕೊಂಡೆ.

ಆಗ ವಸ್ತಾದರು ಕಣ್ಣು ಬಿಡಲಾಗದೆಯೇ ಎದ್ದು, ಅವನ ಹೆಜ್ಜೆಯ ಸದ್ದಿನ ಕಡೆಗೆ ನುಗ್ಗಿ, ಹಿಂದಿನಿಂದ ಅವನ ಸೊಂಟ ಹಿಡಿದರು. ಹಿಡಿದದ್ದೇ ತಡ, ಅವನ ಕಾಲು ನೆಲ ಬಿಟ್ಟಿತು. ವಸ್ತಾದರ ಮೈ ಒಂದು ಸುತ್ತು ತಿರುಗಿತು, ಗರಡಿಯಲ್ಲಿ ಆಳನ್ನೆತ್ತಿ ಒಗೆಯುವಾಗ ತಿರುಗುವ ಹಾಗೆ. ಅವರು ತಿರುಗಿದ ಕಡೆ ರಸ್ತೆಯೇ ಇರಲಿಲ್ಲ. ಬರೀ ಅಂಚು, ಅದರಾಚೆ ಗಾಳಿ, ಎಲ್ಲೋ ಕೆಳಗೆ ಹಳ್ಳದ ಸದ್ದು.

"ವಸ್ತಾದ್ರೇ! ಕಮರಿ!" ಎಂದು ಕಿರುಚಿದೆ.

ಅವರು ನಿಂತರು. ಎತ್ತಿದ ಆಳು ಎತ್ತಿದಂತೆಯೇ ಇತ್ತು. ಆ ಗಳಿಗೆ ಎಷ್ಟು ಹೊತ್ತಿತ್ತೋ... ಆಮೇಲೆ ಒಂದೊಂದೇ ಹೆಜ್ಜೆ ಹಿಂದೆ ಇಡುತ್ತ ಬೆಟ್ಟದ ಬದಿಗೆ ಬಂದು, ದರೆಗೆ ಬೆನ್ನು ಕೊಟ್ಟು, ಅವನನ್ನು ತಬ್ಬಿಕೊಂಡೇ ಕುಸಿದು ಕೂತರು. ಅವನು ಬಾರುಕೋಲಿನ ಹಿಡಿಯಿಂದ, ಮೊಣಕೈಯಿಂದ ಅವರ ಮುಖಕ್ಕೆ ಗುದ್ದುತ್ತಿದ್ದ. ಬಾಯಿಂದ ರಕ್ತ ಸುರಿಯಿತು. ಅವರು ತಿರುಗಿ ಹೊಡೆಯಲಿಲ್ಲ, ಬಿಡಲೂ ಇಲ್ಲ. ಯಜಮಾನರು ಓಡಿಹೋಗಿ ಬಾರುಕೋಲು ಕಿತ್ತುಕೊಂಡರು. ಸೌದೆ ಹೊತ್ತು ಬರುತ್ತಿದ್ದ ಹಟ್ಟಿಯ ಹೆಂಗಸರು ಕೂಗಿಕೊಂಡರು. ಅವರೊಡನಿದ್ದ ಮುದುಕರೊಬ್ಬರು ವಸ್ತಾದರ ಹೆಗಲ ಮೇಲೆ ಕೈಯಿಟ್ಟು, "ಬುಡು, ಬುಡು" ಎಂದಾಗಲೇ ಆ ಹಿಡಿತ ಸಡಿಲವಾದದ್ದು. ಗಾಡಿಯವನು ಎದ್ದು ಅಂಚಿನ ಕಡೆ ಒಮ್ಮೆ ನೋಡಿದ. ಮುಖ ಸುಣ್ಣದಂತಾಗಿತ್ತು. ಗಾಡಿ ಏರಿಸಿಕೊಂಡು ಹೋದ.

ತವರಿನ ಜಗಲಿಯಲ್ಲಿ ವಸ್ತಾದರು ಊದಿದ ಮೊಣಕಾಲು ಚಾಚಿ ಕೂತಿದ್ದರು. ಅವ್ವ ಗಂಜಿ ತಂದುಕೊಟ್ಟರೆ ಲೋಟ ಮುಟ್ಟದೆ ತಮ್ಮ ಅಂಗೈಗಳನ್ನೇ ನೋಡುತ್ತಿದ್ದರು.

"ಎತ್ಬುಟ್ಟಿದ್ದೆ ಕನವ್ವ," ಎಂದರು ನನಗೆ. "ಒಗೀಬೇಕು ಅಂತ ನಾನು ನೆನೀನಿಲ್ಲ. ಕೈಯೇ ಹೊಂಟೋಯ್ತು. ಕೆಳಗೆ ಗರಡಿ ಮಣ್ಣಿರ್ನಿಲ್ಲ."

ಗೆದ್ದಿರಿ ಎನ್ನಲೇ, ಉಳಿಸಿದಿರಿ ಎನ್ನಲೇ? ಗಂಜಿಯ ಲೋಟವನ್ನು ಅವರ ಬಾಯಿಗೆ ಹಿಡಿದೆ. ಮಗುವಿನ ಹಾಗೆ ಕುಡಿದರು.

ಮಗಳು ಹುಟ್ಟಿ, ಬಾಣಂತನ ಮುಗಿಸಿ ನಾನು ಊಟಿಗೆ ಮರಳಿದಾಗ ಗರಡಿಯ ಬಾಗಿಲಿಗೆ ಬೀಗ ಬಿದ್ದಿತ್ತು. ವಸ್ತಾದರ ಹಲ್ಲುದುರಿಸಿದೆ ಎಂದು ಆ ಗಾಡಿಯವನು ಮಾರ್ಕೆಟ್ಟಿನಲ್ಲೆಲ್ಲ ಸಾರಿದ್ದನಂತೆ. ಒಡೆದ ಮುಖ, ಕುಂಟುವ ಕಾಲು ಊರಿಗೇ ಕಾಣುತ್ತಿತ್ತು. ಕಲಿಯಲು ಬರುವ ಹುಡುಗರು ನಿಂತುಹೋದರು. ವಸ್ತಾದರೂ ಅವರನ್ನು ಕರೆಯಲಿಲ್ಲ. ನಂಜನಗೂಡಿನ ಕಡೆ ತಂಗಿಯ ಮನೆಗೆ ಹೋದರು ಎಂದು ಕೇರಿಯವರು ಹೇಳಿದರು. ಯಜಮಾನರು ಒಮ್ಮೆ ಅಲ್ಲಿಯವರೆಗೂ ಗಾಡಿ ಹೊಡೆದುಕೊಂಡು ಹೋಗಿ ವಿಚಾರಿಸಿದರು. ಅಲ್ಲಿಂದಲೂ ಹೊರಟುಹೋಗಿದ್ದರು. ಎಲ್ಲಿಗೆಂದು ತಂಗಿಗೂ ಹೇಳಿರಲಿಲ್ಲ. ಮತ್ತೆ ನಾವು ಅವರನ್ನು ಕಾಣಲೇ ಇಲ್ಲ...

ಈಗ ಯಜಮಾನರೂ ಇಲ್ಲ. ಹಳಬರು ಯಾರಾದರೂ ಕೂತು ಮಾತಾಡುವಾಗ, ಕಲ್ಲಟ್ಟಿಯಲ್ಲಿ ಗಾಡಿಯವನ ಕೈಲಿ ಏಟು ತಿಂದ ಒಬ್ಬ ಪೈಲ್ವಾನನ ಸುದ್ದಿ ತೆಗೆದು ನಗುವುದುಂಟು. ಹಾಗಲ್ಲ, ನಾನು ಗಾಡಿಯಲ್ಲೇ ಇದ್ದೆ ಎನ್ನುತ್ತೇನೆ. ನೀವು ಹೆದರಿದ್ದಿರಿ, ಸರಿಯಾಗಿ ನೋಡಿರಲಿಕ್ಕಿಲ್ಲ ಎನ್ನುತ್ತಾರೆ. ಹೆದರಿದ್ದು ನಿಜ. ಆ ಅಂಚಿನಲ್ಲಿ ವಸ್ತಾದರೂ ಹೆದರಿದ್ದರು. ಆ ಹೆದರಿಕೆಯಿಂದಲೇ ಒಂದು ಜೀವ ಉಳಿಯಿತು. ಅದನ್ನು ಕಂಡವರಲ್ಲಿ ಹೇಳಲು ಉಳಿದಿರುವವಳು ನಾನೊಬ್ಬಳೇ, ನನಗೂ ವಯಸ್ಸಾಯಿತು.